ಸಾವಾದ ಮನೆಯಲ್ಲಿ ನಾಯಿಯ ತಟ್ಟೆ ಹೊತ್ತಿಗೆ ತುಂಬಲಿ

ಸಾವಾದ ಮನೆಯಲ್ಲಿ ಮೊದಲು ತಪ್ಪುವುದು ಹೊತ್ತಿನ ಲೆಕ್ಕ. ಉಂಡೆವೋ ಇಲ್ಲವೋ ನೆನಪಿರುವುದಿಲ್ಲ, ಬೆಳಕು ಹರಿದರೂ ಹಾಸಿಗೆ ಬಿಟ್ಟೇಳಲು ಮನಸ್ಸಾಗುವುದಿಲ್ಲ. ನಾಯಿಗೆ ಮಾತ್ರ ಬೆಳಿಗ್ಗೆ ಆರಕ್ಕೆ ಹೊರಗೆ ಹೋಗಲೇಬೇಕು. ಯಾರಾದರೂ ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ತೆಗೆಯಲೇಬೇಕು. ಸಾಕುಪ್ರಾಣಿ ಕೊಡುವ ಸಮಾಧಾನ ಎಂದಾಗ ಎಲ್ಲರೂ ಮುದ್ದಾಟದ ಮಾತಾಡುತ್ತಾರೆ. ಅದಕ್ಕಿಂತ ದೊಡ್ಡ ಉಪಕಾರ ಹೀಗೆ ದಿನವನ್ನು ಮತ್ತೆ ಹಳಿಗೆ ತರುವುದು ಎಂದೇ ನಾನು ನಂಬಿದ್ದೇನೆ.

ಮುದ್ದಾಟವೂ ಸುಳ್ಳಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತೇ ನಿಮಿಷ ನಾಯಿ-ಬೆಕ್ಕುಗಳ ಮೈ ಸವರಿದ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕಡಿಮೆಯಾಗಿತ್ತು. ಅವರು ಸಾವಿನ ದುಃಖದಲ್ಲಿದ್ದವರಲ್ಲ, ನಿಜ. ಆದರೂ ಮೈಗೆ ಸಿಗುವ ಆ ಹತ್ತು ನಿಮಿಷದ ಬಿಡುವು ಸಣ್ಣದಲ್ಲ.

ಮನೆಯಲ್ಲಿ ಆಗಲೇ ಪ್ರಾಣಿ ಇದ್ದರೆ ಮೊದಲ ಕೆಲವು ದಿನ ಅದನ್ನು ಕಾಪಾಡುವುದೇ ಕೆಲಸ. ಬಂದುಹೋಗುವವರಿಂದ ಬಾಗಿಲು ತೆರೆದೇ ಇರುತ್ತದೆ, ಗಾಬರಿಗೊಂಡ ಪ್ರಾಣಿ ತಪ್ಪಿಸಿಕೊಳ್ಳುವುದು ಆಗಲೇ. ಒಳಗಿನ ಒಂದು ಕೋಣೆಯಲ್ಲಿ ನೀರು, ಹಾಸಿಗೆ ಇಟ್ಟು ಬಾಗಿಲು ಹಾಕಿ. ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬೆಕ್ಕಿರುವ ಮನೆಯೊಳಗೆ ತರಲೇಬೇಡಿ. ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿದರೂ ಸಾಕು, ಎರಡು ಮೂರು ದಿನದಲ್ಲಿ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ತೀರಿಕೊಂಡವರ ಔಷಧಿಗಳನ್ನು ಆ ದಿನವೇ ಎತ್ತಿಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು, ಐಬುಪ್ರೊಫೆನ್ ನಾಯಿಗೂ ವಿಷ.

ಹೋದವರು ಇನ್ನು ಬರುವುದಿಲ್ಲ ಎಂದು ಆ ಮೂಕಜೀವಕ್ಕೆ ಹೇಳುವುದಾದರೂ ಹೇಗೆ? ಅವರು ದಿನಾ ಬರುತ್ತಿದ್ದ ಹೊತ್ತಿಗೆ ನಾಯಿ ಕಿವಿ ನಿಮಿರಿಸಿ ಹೊಸಿಲಲ್ಲಿ ಕೂರುತ್ತದೆ. ಗೇಟು ಕಿರ್ ಎಂದರೆ ಎದ್ದು ನಿಲ್ಲುತ್ತದೆ, ಬೇರೆಯವರು ಒಳಗೆ ಬಂದರೆ ಮತ್ತೆ ಮುಖ ಮುಂಗಾಲಿನ ಮೇಲಿಟ್ಟು ಮಲಗುತ್ತದೆ. ಎಳೆದೊಯ್ಯಬೇಡಿ, ಗದರಬೇಡಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ. ಆಮೇಲೆ ಅದೇ ಹೊತ್ತಿಗೆ ಇನ್ನೊಬ್ಬರು ವಾಕಿಂಗ್‌ಗೆ ಕರೆದೊಯ್ಯುವುದನ್ನು ರೂಢಿ ಮಾಡಿ. ಹೋದವರ ಒಗೆಯದ ಒಂದು ಬಟ್ಟೆಯನ್ನು ಅದರ ಹಾಸಿಗೆಗೆ ಹಾಕಿ. ಎಲ್ಲವನ್ನೂ ಒಗೆದು ಮಡಿಸಿಬಿಟ್ಟರೆ ಪರಿಚಯದ ವಾಸನೆಯೂ ಒಮ್ಮೆಲೇ ಇಲ್ಲವಾಗುತ್ತದೆ.

ಆಹಾರ ಬದಲಿಸಬೇಡಿ. ಬೆಕ್ಕು ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ದುಃಖಕ್ಕಿರಬೇಕು ಎಂದು ಸುಮ್ಮನಿರದೆ ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ಕಟ್ಟಿ ಪ್ರಾಣಕ್ಕೇ ಬರುತ್ತದೆ. ನಾಯಿಯ ವಿಷಯದಲ್ಲಿ ಆಗುವ ತಪ್ಪು ಬೇರೆ: ಪಾಪ ಎಂದು ನಾಲ್ಕು ಜನ ನಾಲ್ಕು ಸಲ ತಿನ್ನಿಸುತ್ತಾರೆ, ಹೊಟ್ಟೆ ಕೆಡುತ್ತದೆ. ಇಲ್ಲವೇ ಇನ್ನೊಬ್ಬರು ಹಾಕಿರಬೇಕು ಎಂದು ಯಾರೂ ಹಾಕುವುದಿಲ್ಲ. ಬೆಳಗಿನ ಊಟ ಯಾರದು, ಸಂಜೆಯದು ಯಾರದು ಎಂದು ಬರೆದು ಫ್ರಿಜ್ ಮೇಲೆ ಅಂಟಿಸಿ, ಹಾಕಿದವರು ಗುರುತು ಮಾಡಲಿ. ತೀರಾ ಕುಸಿದುಹೋದವರಿಗೂ ಒಂದು ಸಣ್ಣ ಕೆಲಸ ಬಿಡಿ, ನೀರು ಬದಲಿಸುವುದಾದರೂ ಸರಿ.

ಮಕ್ಕಳ ಕೈಗೆ ಬಾಚಣಿಗೆ ಕೊಡಿ. ಮುಖದ ಕಡೆ ಹೋಗದೆ ಹೆಗಲಿನಿಂದ ಶುರುಮಾಡಿ, ಕೂದಲು ಹೋಗುವ ದಿಕ್ಕಿಗೇ, ಇನ್ನೊಂದು ಕೈಯನ್ನು ಪಕ್ಕೆಯ ಮೇಲಿಟ್ಟು ಮೆಲ್ಲಗೆ ಬಾಚಲಿ. ಅಂಗೈಗೆ ಉಸಿರಿನ ಏರಿಳಿತ ತಿಳಿಯುತ್ತದೆ, ನಾಯಿಯ ಉಸಿರು ನಿಧಾನವಾದಂತೆ ಮಗುವಿನದೂ ನಿಧಾನವಾಗುವುದುಂಟು. ಆಗ ಅದು ನಾಯಿಯ ಹತ್ತಿರ ಏನಾದರೂ ಹೇಳಿಕೊಂಡರೆ ನಡುವೆ ಬಾಯಿ ಹಾಕಬೇಡಿ, ಚಿಕ್ಕ ಮಗುವಾದರೆ ಕಣ್ಣಳತೆಯಲ್ಲಿದ್ದರೆ ಸಾಕು. ಪೂರ್ತಿ ಹೊಣೆಯನ್ನು ಮಾತ್ರ ಮಗುವಿನ ತಲೆಗೆ ಕಟ್ಟಬಾರದು. ಒಂದು ದಿನ ಮರೆತರೆ ಆ ತಪ್ಪಿತಸ್ಥ ಭಾವವೂ ದುಃಖಕ್ಕೆ ಸೇರಿಕೊಳ್ಳುತ್ತದೆ.

ಹೊಸದಾಗಿ ಪ್ರಾಣಿ ತರುವುದಾದರೆ ಅವಸರ ಬೇಡ, ಯಾರಿಗೂ ಅಚ್ಚರಿಯ ಉಡುಗೊರೆಯಾಗಿ ತರುವುದಂತೂ ಬೇಡವೇ ಬೇಡ. ಎಂಟು ವಾರದ ಮರಿಯನ್ನು ಹಗಲಲ್ಲಿ ಎರಡು ಗಂಟೆಗೊಮ್ಮೆಯಾದರೂ, ರಾತ್ರಿಯೂ ಎದ್ದು ಹೊರಗೆ ಬಿಡಬೇಕು, ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ಮೊದಲೇ ನಿದ್ದೆಗೆಟ್ಟ ಮನೆಗೆ ಅದು ಹೊರೆ. ಎರಡು ವರ್ಷ ದಾಟಿದ, ಸ್ವಭಾವ ಗೊತ್ತಿರುವ ನಾಯಿ ಎಷ್ಟೋ ವಾಸಿ. ಅದು ಹೊಂದಿಕೊಳ್ಳಲು ಮೂರು ತಿಂಗಳಾದರೂ ಕೊಡಿ.

ಒಬ್ಬರೇ ಉಳಿದ ಹಿರಿಯರಿಗಾದರೆ ಏಳೆಂಟು ವರ್ಷದ ಶಾಂತ ಬೆಕ್ಕು ಒಳ್ಳೆಯದು. ಎಳೆಯ ಬೆಕ್ಕು ಹದಿನೈದು ವರ್ಷ ಬದುಕಬಹುದು. ತಮ್ಮ ಕೈಲಾಗದ ಕಾಲಕ್ಕೆ ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಅವರ ಜೊತೆಗೇ ಕೂತು ಮಾತಾಡಿ, ಒಪ್ಪಿದವರ ಫೋನ್ ನಂಬರನ್ನು ಬೆಕ್ಕಿನ ಲಸಿಕೆ ಪುಸ್ತಕದಲ್ಲೇ ಬರೆದಿಡಿ.