ನೈಟ್ ಹಾಲ್ಟ್ ಬಸ್ಸೂ ನಮ್ಮ ರಂಗಾಯಣವೂ

ನಾನು ಬಸ್ ಕಂಡಕ್ಟರ್. ಮೈಸೂರಿನಿಂದ ಹಳ್ಳಿ ಕಡೆ ಹೋಗುವ ರೂಟಿನಲ್ಲಿ 22 ವರ್ಷದಿಂದ ಇದ್ದೇನೆ. ಮೊನ್ನೆ ಡಿಪೋದಲ್ಲಿ ಟೀ ಕುಡಿಯುವಾಗ ಗೆಳೆಯರೊಬ್ಬರು ಕೇಳಿದರು: ‘ನಾಟಕ ಆಡೋರಿಗೆ ಸರ್ಕಾರ ಯಾಕೆ ಸಂಬಳ ಕೊಡಬೇಕು? ಜನ ಬಂದ್ರೆ ಆಡಲಿ, ಬರದಿದ್ರೆ ಬಿಡಲಿ.’ ಡ್ಯೂಟಿಗೆ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ರಾತ್ರಿಯೆಲ್ಲ ಕಾಡಿತು.

ನಮ್ಮ ಕೊನೇ ಟ್ರಿಪ್ಪಿನಲ್ಲಿ ಒಂದೊಂದು ದಿನ ಏಳೆಂಟು ಜನ ಇದ್ದರೆ ಹೆಚ್ಚು. ಕಲೆಕ್ಷನ್ ಡೀಸೆಲ್ಲಿಗೂ ಸಾಲುವುದಿಲ್ಲ. ಆದರೂ ಬಸ್ ಹೋಗುತ್ತದೆ, ಊರಿನಲ್ಲೇ ಹಾಲ್ಟ್ ಆಗುತ್ತದೆ. ಬೆಳಿಗ್ಗೆ ಆರಕ್ಕೆ ಕಾಲೇಜಿನ ಹೆಣ್ಣುಮಕ್ಕಳು ಬ್ಯಾಗ್ ಹಿಡಿದು ನಿಂತಿರುತ್ತಾರೆ. ಆ ಬಸ್ ನಿಲ್ಲಿಸಿದರೆ ಅವರ ಓದೇ ನಿಲ್ಲಬಹುದು. ಅದು ವೇ ಬಿಲ್ಲಿನಲ್ಲಿ, ಅಂದರೆ ನಮ್ಮ ಟಿಕೆಟ್ ಲೆಕ್ಕದ ಹಾಳೆಯಲ್ಲಿ, ಕಾಣುವುದಿಲ್ಲ, ಅಲ್ವಾ?

ನಾಟಕದ ಲೆಕ್ಕವೂ ಹಾಗೇ. ಮೈಸೂರಿನಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ನಾಟಕ ಸಂಸ್ಥೆ ನಮ್ಮ ರಂಗಾಯಣ. ಅದು ಶುರುವಾಗಿದ್ದು 1989ರಲ್ಲಿ. ಬಿ.ವಿ. ಕಾರಂತರು ಮೊದಲ ನಿರ್ದೇಶಕರು. ಅದಕ್ಕೂ ಮುಂಚೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸಿದ್ದರು, ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಅನ್ನುವ ನಾಟಕ ತಂಡ ಕಟ್ಟಿದ್ದರು. ಎರಡೂ ಸರ್ಕಾರದ ದುಡ್ಡಿನಲ್ಲಿ ನಡೆದವು. ಇಲ್ಲಿ ಹುಣಸೂರು ರಸ್ತೆಯ ಕಲಾಮಂದಿರದ ಆವರಣಕ್ಕೆ ಬಂದು, ಹುಡುಗ ಹುಡುಗಿಯರನ್ನು ಆರಿಸಿ, ತರಬೇತಿ ಕೊಟ್ಟು, ನಾಟಕವನ್ನೇ ಅವರ ದಿನದ ಕೆಲಸ ಮಾಡಿದರು.

ಇದರ ಬೆಲೆ ನನಗೆ ಗೊತ್ತಾಗಿದ್ದು 2010ರಲ್ಲಿ. ಸಿ. ಬಸವಲಿಂಗಯ್ಯನವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಂಗಾಯಣದ ಬಯಲಲ್ಲಿ ಆಡಿಸಿದರು. ಸುಮಾರು ಒಂಬತ್ತು ಗಂಟೆಯ ನಾಟಕ. ರಾತ್ರಿ ಶುರುವಾದರೆ ಬೆಳಗಿನ ತನಕ. ಒಂದು ರಂಗದಲ್ಲಿ ಮುಗಿದರೆ ನಾವೆಲ್ಲ ಎದ್ದು ಇನ್ನೊಂದು ರಂಗಕ್ಕೆ ನಡೆಯಬೇಕು. ಹೆಂಡತಿ ಜಮಖಾನೆ ಹಿಡಿದಿದ್ದಳು, ನಾನು ನಿದ್ದೆ ಹೋದ ಮಗಳನ್ನು ಎತ್ತಿಕೊಂಡಿದ್ದೆ. ನಡುರಾತ್ರಿ ಪಕ್ಕದ ಅಜ್ಜಿಯೊಬ್ಬರು ಅವಳಿಗೆ ತಮ್ಮ ಶಾಲು ಹೊದಿಸಿದರು. ಬೆಳಗಾಗುವ ಹೊತ್ತಿಗೆ ಮಗಳು ಕಣ್ಣು ಬಿಟ್ಟು ‘ಇನ್ನೂ ಮುಗಿದಿಲ್ವಾ?’ ಅಂದಳು. ಮುಗಿಯಬಾರದು ಅಂತಲೇ ನನಗೆ ಅನಿಸುತ್ತಿತ್ತು.

ಇಂಥ ನಾಟಕ ಟಿಕೆಟ್ ದುಡ್ಡಿನಿಂದ ಆಗುವುದಿಲ್ಲ. ಕಂಪನಿ ನಾಟಕದವರ ಬಗ್ಗೆ ನನಗೆ ಬಹಳ ಗೌರವ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಟೆಂಟ್ ಹಾಕಿ, ಆ ದಿನದ ಗಲ್ಲಾಪೆಟ್ಟಿಗೆ ನಂಬಿ ಬದುಕುತ್ತಾರೆ. ಆದರೆ ನಾಳೆಯ ಊಟ ಇವತ್ತಿನ ಕಲೆಕ್ಷನ್ ಮೇಲಿದ್ದರೆ ಒಂದೇ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡುವುದು ಹೇಗೆ? ಜನ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲದ್ದನ್ನು ಆಡುವ ಧೈರ್ಯ ಎಲ್ಲಿಂದ ಬರಬೇಕು? ಸರ್ಕಾರದ ದುಡ್ಡು ಕೊಡುವುದು ಆ ಸಮಯವನ್ನು, ಆ ಧೈರ್ಯವನ್ನು.

ಇನ್ನೊಂದು ಇದೆ. ರಂಗಾಯಣದ ಕಲಾವಿದರನ್ನು ಅವರ ಹರೆಯದಿಂದ ಕೂದಲು ನರೆಯುವ ತನಕ ನೋಡಿದ್ದೇನೆ. ಪ್ರೇಮಿಯ ಪಾತ್ರದವರು ಅಪ್ಪನ ಪಾತ್ರಕ್ಕೆ ಬಂದರು. ದನಿ ಮಾಗಿತು, ಸುಮ್ನೆ ನಿಂತರೂ ಸಾಕು ಅನ್ನುವಷ್ಟು. ಅವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾ ಬಂದರು. ನನ್ನ ಚಿಂತೆ ಇರುವುದು ಇಲ್ಲೇ. ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲೂ ಈಗ ರಂಗಾಯಣ ಇದೆ, ಬಹಳ ಸಂತೋಷ. ಆದರೆ ಹೊಸಬರನ್ನು ಬರೀ ಒಂದೆರಡು ವರ್ಷಕ್ಕೆ ಅಂತ ತೆಗೆದುಕೊಂಡರೆ ಅವರು ಮಾಗುವುದು ಯಾವಾಗ? ರಂಗಾಯಣದ ‘ಬಹುರೂಪಿ’ಯಂಥ ನಾಟಕೋತ್ಸವ ಬೇಕು. ನಾನೂ ರಜೆ ಹಾಕಿ ಹೋಗುತ್ತೇನೆ. ಆದರೆ ದುಡ್ಡು ಕಡಿಮೆ ಬಿದ್ದರೆ ಪೆಂಡಾಲು, ಲೈಟು ಕಡಿಮೆ ಮಾಡಲಿ, ಕಲಾವಿದರ ಸಂಬಳಕ್ಕೆ ಕೈ ಹಾಕಬಾರದು.

ಮತ್ತೆ, ನಾಟಕ ನಮ್ಮ ರೂಟಿಗೂ ಬರಲಿ. ಹಾಲ್ಟ್ ಊರಿನ ಶಾಲೆ ಮುಂದೆ ದೊಡ್ಡ ಬಯಲಿದೆ. ರಂಗಾಯಣದ ಮಕ್ಕಳ ಬೇಸಿಗೆ ಶಿಬಿರ ‘ಚಿನ್ನರ ಮೇಳ’ ಅಲ್ಲಿನ ಮಕ್ಕಳಿಗೆ ಮೈಸೂರಿನಷ್ಟೇ ದೂರ. ನನ್ನ ಮಗಳು ಎರಡು ವರ್ಷ ಹೋಗಿದ್ದಳು, ಮಾತೇ ಆಡದ ಹುಡುಗಿ ಹಾಡುತ್ತಾ ಮನೆಗೆ ಬಂದಿದ್ದಳು.

ಈ ಸಲ ವಾರದ ರಜೆ ಭಾನುವಾರಕ್ಕೆ ಕೇಳಿಕೊಂಡಿದ್ದೇನೆ. ಡಿಪೋದ ಆ ಗೆಳೆಯರನ್ನೂ ರಂಗಾಯಣದ ರಂಗಮಂದಿರ ಭೂಮಿಗೀತಕ್ಕೆ ನಾಟಕ ನೋಡಲು ಕರೆದಿದ್ದೇನೆ. ಬರುತ್ತೇನೆ ಅಂದಿದ್ದಾರೆ. ಟಿಕೆಟ್ ನಾನೇ ತೆಗೆಯುತ್ತೇನೆ.