ಮೇಷ್ಟ್ರ ಕೆಂಪು ಪೆನ್ನು

ಮಂಗನ ಕಾಯಿಲೆ ಅಂದ ತಕ್ಷಣ ನನಗೆ ಈಗಲೂ ಸೊರಬದ ಕಡೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. 1998ರ ಬೇಸಿಗೆ. ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿದ್ದ ನಾವು ನಾಲ್ವರು ಮೇಷ್ಟ್ರ ಜೊತೆ ರಕ್ತದ ಸಮೀಕ್ಷೆಗೆ ಹೋಗಿದ್ದೆವು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ರೋಗ ಅದು. ಉಣುಗು ಕಚ್ಚಿ ಬರುತ್ತದೆ. ಸೌದೆಗೆ, ದರಗಿಗೆ ಅಂತ ಕಾಡಿಗೆ ಹೋಗುವವರಿಗೇ ಜಾಸ್ತಿ.

ಅಜ್ಜಿ ಹೆಬ್ಬೆಟ್ಟು ಒತ್ತಿದರು. ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದರು: "ಹೋದ ಸಲವೂ ಯಾರೋ ಬಂದು ರಕ್ತ ತಗಂಡು ಹೋದ್ರು. ಏನಿತ್ತು ಅಂತ ಹೇಳೋಕೆ ಯಾರೂ ಬರ್ಲಿಲ್ಲ. ನನ್ನ ರಕ್ತ ಅಲ್ವಾ ಅದು?"

ನನ್ನ ಕೈಯಲ್ಲಿ ಸಿರಿಂಜ್ ಹಾಗೇ ಉಳಿಯಿತು. ಮೇಷ್ಟ್ರು ಡಬ್ಬಿ ಮುಚ್ಚಿಸಿದರು. ಅವತ್ತು ಒಬ್ಬರ ರಕ್ತವನ್ನೂ ತೆಗೆಯಲಿಲ್ಲ.

ಸಂಜೆ ಶಾಲೆಯ ಜಗುಲಿಯಲ್ಲಿ ಕೂತು ನಮ್ಮ ಫಾರಂ ಬಿಚ್ಚಿದರು. "ಸ್ವಯಂಪ್ರೇರಿತವಾಗಿ ಸಮ್ಮತಿಸಿರುತ್ತೇನೆ" ಎಂದಿತ್ತು. ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಹಾಕಿ ಕೆಳಗೆ ಬರೆದರು: "ಬೇಡ ಅನ್ನಿಸಿದರೆ ಬಿಡಬಹುದು. ಬಿಟ್ಟರೂ ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತದೆ. ರಕ್ತದಲ್ಲಿ ಏನಿತ್ತು ಅಂತ ನಾವೇ ಬಂದು ಹೇಳುತ್ತೇವೆ." ಆಮೇಲೆ ಟಸ್ಕೆಗೀ ಕತೆ ಹೇಳಿದರು. ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತರು. ಅಷ್ಟರಲ್ಲಿ ಆ ಕಾಯಿಲೆ ವಾಸಿ ಮಾಡುವ ಪೆನ್ಸಿಲಿನ್ ಬಂದಿತ್ತು. ಅದನ್ನೂ ಕೊಡಲಿಲ್ಲ. ಕಾಯಿಲೆಯ ಹೆಸರನ್ನೂ ಹೇಳಲಿಲ್ಲ, "ಕೆಟ್ಟ ರಕ್ತ" ಅಂದರಷ್ಟೆ. ಹಿಂದಿನ ವರ್ಷ, 1997ರಲ್ಲಿ, ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದರು. ನಲವತ್ತು ವರ್ಷ ಅಂದರೆ ಒಬ್ಬ ಮನುಷ್ಯನ ದುಡಿಯುವ ಆಯಸ್ಸು ಪೂರ್ತಿ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮುಂದೆ 2007ರಲ್ಲಿ ಇಂಡೋನೇಷ್ಯಾ, ತನ್ನ ಹಕ್ಕಿಜ್ವರದ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕಳಿಸುವುದನ್ನು ನಿಲ್ಲಿಸಿತು. ನಮ್ಮ ವೈರಸ್‌ನಿಂದ ಮಾಡಿದ ಲಸಿಕೆಯನ್ನು ನಮಗೇ ಕೊಳ್ಳಲಾಗದ ಬೆಲೆಗೆ ಮಾರುತ್ತೀರಿ ಎಂಬುದು ಅದರ ದೂರು. ಪೇಪರಿನಲ್ಲಿ ಓದುವಾಗ ನನಗೆ ಅಜ್ಜಿಯದೇ ದನಿ ಕೇಳಿತು. ಮಾದರಿ ಕೊಟ್ಟ ದೇಶಗಳಿಗೆ ಲಸಿಕೆಯ ಪಾಲೂ ಸಿಗಬೇಕೆಂಬ ಒಪ್ಪಂದ ಆಗಲು 2011 ಬೇಕಾಯಿತು. ಈಗ ನಾನೂ ಒಂದು ನೈತಿಕತಾ ಸಮಿತಿಯಲ್ಲಿದ್ದೇನೆ, ಜನರ ಮೇಲೆ ನಡೆಸುವ ಸಂಶೋಧನೆ ಸರಿಯೇ ಅಂತ ನೋಡುವ ಸಮಿತಿ ಅದು. ಫಾರಂ ಬಂದರೆ ಮೊದಲು ಕನ್ನಡದ ಪುಟವನ್ನೇ ಜೋರಾಗಿ ಓದುತ್ತೇನೆ. ಬಾಯಲ್ಲಿ ಸಿಕ್ಕಿಕೊಂಡ ಮಾತಿನ ಮೇಲೆ ಕೆಂಪು ಗೆರೆ ಎಳೆಯುತ್ತೇನೆ.

ಹೊಸ ಫಾರಂ ಹಿಡಿದು ಮರುವಾರ ಹೋದಾಗ ಅಜ್ಜಿಯೇ ಮೊದಲು ತೋಳು ಚಾಚಿದ್ದರು. ಮಳೆಗಾಲದಲ್ಲಿ ಮೇಷ್ಟ್ರು ಮತ್ತೆ ನಮ್ಮನ್ನು ಕರೆದುಕೊಂಡು ಹೊರಟರು. ಬಸ್ಸಿಳಿದು ಮೂರು ಮೈಲಿ ಕೆಸರು. ಮನೆಮನೆಗೂ ಹೋಗಿ ಫಲಿತಾಂಶ ಓದಿ ಹೇಳಿದೆವು. ಅಜ್ಜಿಗೆ ಹಿಂದೆಂದೋ ಸೋಂಕು ತಗುಲಿ ಹೋಗಿತ್ತು. "ಓ, ಆ ಜ್ವರ!" ಅಂದರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡಿನ ಜೊತೆ ಡಬ್ಬಿಯಲ್ಲಿಟ್ಟು, ನಮಗೆಲ್ಲ ಕಾಫಿ ಕಾಸಲು ಒಳಗೆ ಹೋದರು.