ಮಿಶಿಗನ್ ಸರೋವರದ ದಂಡೆಯಲ್ಲಿ ಒಂದು ಲಕ್ರಾಸ್ ಪಂದ್ಯ

ಶಿಕಾಗೊದ ರೆಡ್ ಲೈನ್ ರೈಲು ಹೋವರ್ಡ್ ಅನ್ನೋ ನಿಲ್ದಾಣದಲ್ಲಿ ಮುಗಿಯುತ್ತದೆ. ಅಲ್ಲಿ ಇಳಿದು ಪರ್ಪಲ್ ಲೈನ್ ಹತ್ತಿದರೆ ಎವನ್‌ಸ್ಟನ್ ಊರು. ಮೇನ್, ಡೆಂಪ್‌ಸ್ಟರ್, ಡೇವಿಸ್, ಫಾಸ್ಟರ್, ಆಮೇಲೆ ನಾಯ್ಸ್. ರೈಲು ಏರಿಯ ಮೇಲೆ ಓಡುವುದರಿಂದ ಎರಡೂ ಕಡೆ ಜನರ ಹಿತ್ತಿಲು, ಅಡುಗೆಮನೆ ಕಿಟಕಿ, ಒಣಗಿದ ಹೂಕುಂಡ ಎಲ್ಲ ಕಾಣುತ್ತದೆ. ನಾಯ್ಸ್‌ನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಶೆರಿಡನ್ ರೋಡ್. ಅದನ್ನು ದಾಟಿದರೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. ಇನ್ನೂ ಮುಂದಕ್ಕೆ ಹೋದರೆ ನೀರು.

ಅಕ್ಕನ ಮಗಳು ಪುಟ್ಟಿ ಅಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಳು. 2024ರ ಏಪ್ರಿಲ್‌ನಲ್ಲಿ ಅವಳ ರೂಮಿಗೆ ಹೋಗಿ ಬಿದ್ದಿದ್ದೆ. ಬೀನ್ ಅನ್ನೋ ಉಕ್ಕಿನ ದೊಡ್ಡ ಶಿಲ್ಪ ನೋಡಿದ್ದಾಯ್ತು, ವಿಲ್ಲಿಸ್ ಟವರ್ ಹತ್ತಿದ್ದಾಯ್ತು, ಡೆವಾನ್ ಅವೆನ್ಯೂಗೆ ಹೋಗಿ ಕರಿಬೇವು, ರವೆ ತಂದಿದ್ದಾಯ್ತು. ಆ ತಿಂಗಳ 8ನೇ ತಾರೀಕು ಸೂರ್ಯಗ್ರಹಣ ಬೇರೆ. ಶಿಕಾಗೊದಲ್ಲಿ ಸೂರ್ಯನ ಶೇ. 94ರಷ್ಟು ಮುಚ್ಚಿತ್ತು. ಊರಲ್ಲಾಗಿದ್ದರೆ ಒಳಗೆ ಕೂತು ದರ್ಭೆ ಹುಡುಕುತ್ತಿದ್ದೆವು. ಇಲ್ಲಿ ಜನ ರಟ್ಟಿನ ಕನ್ನಡಕ ಹಾಕಿಕೊಂಡು ಹುಲ್ಲಿನ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದರು. ನಾನೂ ತಿಂದೆ.

"ಚಿಕ್ಕಮ್ಮ, ನೀನು ಪಿ.ಟಿ. ಟೀಚರ್ ಆಗಿದ್ದವಳು. ನಮ್ಮ ಹುಡುಗೀರ ಲಕ್ರಾಸ್ ಮ್ಯಾಚ್ ನೋಡದೆ ಹೋದರೆ ಹೇಗೆ?" ಅಂದಳು ಪುಟ್ಟಿ. ಲಕ್ರಾಸ್ ಹೆಸರು ಕೇಳಿದ್ದೆ, ಅಷ್ಟೇ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಹುಡುಗಿಯರಿಗೆ ಖೊಖೊ, ಥ್ರೋಬಾಲ್ ಕಲಿಸಿ ನಿವೃತ್ತಳಾದವಳು ನಾನು. ಬಲೆ ಕಟ್ಟಿದ ಕೋಲು ಹಿಡಿದು ಓಡುವ ಆಟದ ಗತಿ ನನಗೇನು ಗೊತ್ತು! ಆದರೆ ಕೋಚ್ ಕಥೆ ಕೇಳಿದ ಮೇಲೆ ಹೋಗಲೇಬೇಕು ಅನ್ನಿಸಿತು.

ಮೈದಾನ ಇರುವುದು ಸರೋವರಕ್ಕೆ ಅಂಟಿಕೊಂಡೇ. ಈ ದಂಡೆಯ ದೊಡ್ಡ ಭಾಗ ಮೊದಲು ನೀರೇ ಆಗಿತ್ತಂತೆ. 1960ರ ದಶಕದಲ್ಲಿ ಇಂಡಿಯಾನಾದಿಂದ ಮರಳು ತಂದು ತುಂಬಿ ಕ್ಯಾಂಪಸ್ ಬೆಳೆಸಿದರು. ಅಂಚಿನಲ್ಲಿ ಸಾಲಾಗಿ ಪೇರಿಸಿದ ಬಂಡೆಗಳ ಮೇಲೆ ವಿದ್ಯಾರ್ಥಿಗಳು ಬಣ್ಣದಲ್ಲಿ ಹೆಸರು, ಹೃದಯ, ಇಸವಿ ಬರೆದಿದ್ದಾರೆ. ನಮ್ಮ ಬೆಟ್ಟಗಳ ಬಂಡೆ ನೆನಪಾಯಿತು. ಪಕ್ಕದಲ್ಲೇ ರಯಾನ್ ಫೀಲ್ಡ್‌ಹೌಸ್ ಅಂತ ಒಳಾಂಗಣ ಮೈದಾನ, 2018ರಲ್ಲಿ ಶುರುವಾದದ್ದು. ಸರೋವರದ ಕಡೆಯ ಗೋಡೆ ಪೂರಾ ಗಾಜು. ಹೊರಗೆ ಹಿಮ ಬಿದ್ದರೂ ಒಳಗೆ ಅಭ್ಯಾಸ ನಡೆಯುತ್ತದೆ. ಏಪ್ರಿಲ್ ಅಂದರೆ ಇಲ್ಲಿ ವಸಂತ ಅನ್ನುತ್ತಾರೆ. ಸುಳ್ಳು. ನೀರಿನ ಮೇಲಿಂದ ಬರುವ ಗಾಳಿಗೆ ನನ್ನ ಸ್ವೆಟರ್, ಪುಟ್ಟಿಯ ಜಾಕೆಟ್, ಶಾಲು ಮೂರೂ ಸಾಲಲಿಲ್ಲ.

ಆ ಗಾಳಿಯಲ್ಲಿ ಹುಡುಗಿಯರು ಸ್ಕರ್ಟ್ ಹಾಕಿಕೊಂಡು ಓಡುತ್ತಿದ್ದರು.

ಆಟ ನೋಡೋಕೆ ಒಂದು ಹತ್ತು ನಿಮಿಷ ಕಷ್ಟ, ಆಮೇಲೆ ಸಲೀಸು. ಒಂದೊಂದು ಕಡೆ ಗೋಲಿ, ಅಂದರೆ ಗೋಲು ಕಾಯುವವಳೂ ಸೇರಿ 12 ಜನ. ಕಾಲು ಗಂಟೆಯ ನಾಲ್ಕು ಭಾಗ. ಚೆಂಡು ಸಿಕ್ಕ ಮೇಲೆ 90 ಸೆಕೆಂಡಿನೊಳಗೆ ಗೋಲಿನತ್ತ ಎಸೆಯಬೇಕು. ಗಂಡಸರ ಲಕ್ರಾಸ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡು ಮೈಗೆ ಮೈ ಗುದ್ದುತ್ತಾರೆ. ಹೆಂಗಸರಲ್ಲಿ ಗುದ್ದುವಂತಿಲ್ಲ. ಕಣ್ಣಿಗೆ ತಂತಿಯ ಕನ್ನಡಕ, ಬಾಯಿಗೆ ಗಾರ್ಡ್, ಅಷ್ಟೇ ರಕ್ಷಣೆ. ಕೋಲಿನ ಬಲೆಯೂ ಆಳ ಇರುವಂತಿಲ್ಲ. ಚೆಂಡು ಒಳಗೆ ಕೂತರೂ ಅದರ ಮೇಲ್ಭಾಗ ಅಂಚಿನಿಂದ ಮೇಲೆ ಕಾಣಬೇಕು. ಹಾಗಾದರೆ ಓಡುವಾಗ ಬೀಳುವುದಿಲ್ಲವೇ? ಅದಕ್ಕೇ ಅವರು ಕೋಲನ್ನು ಕಿವಿಯ ಹತ್ತಿರ ಹಿಡಿದು ಎಡಕ್ಕೆ ಬಲಕ್ಕೆ ತೂಗುತ್ತಲೇ ಓಡುತ್ತಾರೆ. ತೊಟ್ಟಿಲು ತೂಗಿದ ಹಾಗೆ. ತೂಗುವುದು ನಿಂತರೆ ಚೆಂಡು ಹೋಯಿತು.

ನನಗೆ ತುಂಬಾ ಹಿಡಿಸಿದ್ದು ಡ್ರಾ. ಪ್ರತಿ ಗೋಲಿನ ನಂತರ ಮಧ್ಯದ ವೃತ್ತದಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಎರಡು ಕೋಲಿನ ಬೆನ್ನಿನ ನಡುವೆ ರೆಫರಿ ಹಳದಿ ಚೆಂಡು ಸಿಕ್ಕಿಸುತ್ತಾರೆ. ಇಬ್ಬರೂ ಅಲ್ಲಾಡುವಂತಿಲ್ಲ. ಮೊಣಕಾಲು ಬಾಗಿರುತ್ತದೆ, ಮಣಿಕಟ್ಟಿನ ನರ ಎದ್ದಿರುತ್ತದೆ. ಸೀಟಿ ಊದಿದ ಕ್ಷಣ ಎರಡೂ ಕೋಲು ಮೇಲಕ್ಕೆ ಎಳೆದರೆ ಚೆಂಡು ತಲೆಗಿಂತ ಮೇಲೆ ಚಿಮ್ಮುತ್ತದೆ. ವೃತ್ತದ ಅಂಚಿನಲ್ಲಿ ಕಾದವರು ಅದಕ್ಕೆ ನುಗ್ಗುತ್ತಾರೆ. ಗೋಲು ಹೊಡೆಸಿಕೊಂಡವರಿಗೇ ಚೆಂಡು ಸಿಗುತ್ತದೆ ಅನ್ನುವ ಹಾಗಿಲ್ಲ. ಡ್ರಾ ಗೆಲ್ಲುತ್ತಾ ಹೋದರೆ ಎದುರಾಳಿಗೆ ಚೆಂಡೇ ಸಿಗದೆ ಐದಾರು ಗೋಲು ಬಿದ್ದುಬಿಡುತ್ತದೆ. ದೊಡ್ಡ ಮುನ್ನಡೆಯೂ ಕರಗುವುದು ಹೀಗೇ.

ಗೆರೆಯಾಚೆ ನಿಂತಿದ್ದವರನ್ನು ಪುಟ್ಟಿ ತೋರಿಸಿದಳು. ಕೆಲ್ಲಿ ಅಮೊಂಟೆ ಹಿಲ್ಲರ್. ಹೆಡ್ ಕೋಚ್.

ಅವರ ಕಥೆ ಹೇಳಬೇಕಾದರೆ ಅವರ ಗುರುವಿನಿಂದ ಶುರು ಮಾಡಬೇಕು. 1982ರಲ್ಲಿ ಇದೇ ನಾರ್ತ್‌ವೆಸ್ಟರ್ನ್‌ಗೆ ಕೋಚ್ ಆಗಿ ಬಂದವರು ಸಿಂಡಿ ಟಿಮ್‌ಚಲ್. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ, ಹುಡುಗಿಯರ ಲಕ್ರಾಸ್‌ಗೆ ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಶುರು ಮಾಡಿದ್ದೂ ಅದೇ ವರ್ಷ. ಅದರ ಹಿಂದೆ 1972ರ ಕಾನೂನು ಇತ್ತು. ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನುವ ಕಾನೂನು. ಟೈಟಲ್ ನೈನ್ ಅಂತ ಎಲ್ಲರ ಬಾಯಲ್ಲೂ ಇದೆ. ಟಿಮ್‌ಚಲ್ 1990ರ ತನಕ ಇಲ್ಲಿದ್ದು, ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1992ರಲ್ಲಿ ಒಂದು ಕಪ್. 1995ರಿಂದ 2001ರ ತನಕ ಬಿಡದೆ ಏಳು. ಒಟ್ಟು ಎಂಟು. ಮೇಲಿನ ದರ್ಜೆಯ ಮಹಿಳಾ ಲಕ್ರಾಸ್‌ನಲ್ಲಿ 500 ಗೆಲುವು ಕಂಡ ಮೊದಲ ಕೋಚ್ ಅವರೇ.

ಅವರು ಬಿಟ್ಟುಹೋದ ಮೇಲೆ ಇಲ್ಲಿ ಏನಾಯಿತು? 1992ರಲ್ಲಿ ವಿಶ್ವವಿದ್ಯಾಲಯ ತಂಡವನ್ನೇ ಕೈಬಿಟ್ಟಿತು. ಆಸಕ್ತಿ ಇದ್ದವರು ಕ್ಲಬ್ ಅಂತ ಸುಮ್ನೆ ಆಡಿಕೊಂಡಿದ್ದರು.

ಅತ್ತ ಮೇರಿಲ್ಯಾಂಡ್‌ನಲ್ಲಿ ಟಿಮ್‌ಚಲ್ ಕೈಕೆಳಗೆ ಮ್ಯಾಸಚೂಸೆಟ್ಸ್‌ನ ಹಿಂಗಮ್ ಊರಿನ ಹುಡುಗಿಯೊಬ್ಬಳು ಆಡುತ್ತಿದ್ದಳು. 1995, 1996ರ ಕಪ್ ಗೆದ್ದ ತಂಡಗಳ ದೊಡ್ಡ ಆಟಗಾರ್ತಿ. ಅವಳೇ ಕೆಲ್ಲಿ ಅಮೊಂಟೆ. ಅಣ್ಣ ಟೋನಿ ಅಮೊಂಟೆ ಐಸ್ ಹಾಕಿ ಆಟಗಾರ, ಆಗ ಶಿಕಾಗೊದ ಬ್ಲ್ಯಾಕ್‌ಹಾಕ್ಸ್ ತಂಡದಲ್ಲಿದ್ದವರು. 2000ದಲ್ಲಿ ನಾರ್ತ್‌ವೆಸ್ಟರ್ನ್ ಮತ್ತೆ ತಂಡ ಕಟ್ಟಬೇಕು ಅಂತ ತೀರ್ಮಾನಿಸಿ ಕರೆದದ್ದು ಈ ಕೆಲ್ಲಿಯನ್ನು. ಗುರು ಉತ್ತಿದ್ದ, ಆಮೇಲೆ ಪಾಳು ಬಿದ್ದಿದ್ದ ಜಮೀನಿಗೇ ಶಿಷ್ಯೆ ಬಂದಳು ನೋಡಿ.

ಬಂದರೆ ಇಲ್ಲಿ ಆಡುವವರೇ ಇಲ್ಲ. ಲಕ್ರಾಸ್ ಆಗ ಪೂರಾ ಪೂರ್ವ ಕರಾವಳಿಯ ಆಟ. ಮೇರಿಲ್ಯಾಂಡ್, ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್, ಫಿಲಡೆಲ್ಫಿಯಾ ಕಡೆಯ ಶಾಲೆಗಳಲ್ಲಿ ಚಿಕ್ಕಂದಿನಿಂದ ಕೋಲು ಹಿಡಿದವರು ಅಲ್ಲಿಯ ಕಾಲೇಜು ಬಿಟ್ಟು ಇಲಿನಾಯ್‌ಗೆ ಯಾಕೆ ಬರುತ್ತಾರೆ? ಮೇಲಾಗಿ ಆಗ ಇಡೀ ತಂಡಕ್ಕೆ ಕೊಡಬಹುದಾಗಿದ್ದದ್ದು 12 ವಿದ್ಯಾರ್ಥಿವೇತನ. ಅದನ್ನೇ ಅರ್ಧ, ಕಾಲು ಅಂತ ಹರಿದು ಹಂಚಬೇಕಿತ್ತು. ಕೆಲ್ಲಿ ಕ್ಯಾಂಪಸ್ಸಿನಲ್ಲೇ ಕಣ್ಣಾಡಿಸಿದರು. ಗಟ್ಟಿ ಕಾಲಿನ ಅವಳಿ ಸೋದರಿಯರಿಬ್ಬರು ಕಣ್ಣಿಗೆ ಬಿದ್ದರು. ಹೋಗಿ ಮಾತಾಡಿಸಿ ತಂಡಕ್ಕೆ ಕರೆದರು. ಇಬ್ಬರೂ ಅಲ್ಲಿಯ ತನಕ ಲಕ್ರಾಸ್ ಆಡಿದವರೇ ಅಲ್ಲ.

ಈ ಭಾಗ ಕೇಳಿದಾಗ ನಾನು ಪುಟ್ಟಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮ ಶಾಲೆಯ ಖೊಖೊ ತಂಡಕ್ಕೆ ಹುಡುಗಿಯರನ್ನು ನಾನು ಆರಿಸುತ್ತಿದ್ದದ್ದು ಮೈದಾನದಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ. ಹೊರಟ ಬಸ್ಸಿನ ಹಿಂದೆ ಯಾರು ಹೇಗೆ ಓಡುತ್ತಾರೆ, ಯಾರು ತಟ್ಟನೆ ತಿರುಗುತ್ತಾರೆ ಅಂತ ನೋಡುತ್ತಿದ್ದೆ. ನಿಯಮ ಕಲಿಸಬಹುದು, ಕೋಲು ಹಿಡಿಯುವುದನ್ನೂ ಕಲಿಸಬಹುದು. ಆ ಕಾಲನ್ನು, ಸೋತರೂ ಮತ್ತೆ ಓಡುವ ಹಟವನ್ನು ಎಲ್ಲಿಂದ ತರೋದು? ಕಲಿತವರನ್ನು ಬೇರೆ ಶಾಲೆಯಿಂದ ಎಳೆದು ತರುವುದೇ ದೊಡ್ಡ ಕೋಚಿಂಗ್ ಅಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಹೊಸ ತಂಡ 2002ರಲ್ಲಿ ಕಣಕ್ಕಿಳಿಯಿತು. ಮೊದಲ ವರ್ಷ ಸೋಲೇ ಜಾಸ್ತಿ. 2005ರಲ್ಲಿ ಆಡಿದ 21 ಪಂದ್ಯಗಳನ್ನೂ ಗೆದ್ದು, ಅನಾಪೊಲಿಸ್‌ನ ಫೈನಲ್‌ನಲ್ಲಿ ವರ್ಜೀನಿಯಾವನ್ನು 13-10ರಿಂದ ಸೋಲಿಸಿತು. ಅಮೆರಿಕದ ಪೂರ್ವ ಸಮಯವಲಯದ ಹೊರಗಿನ ಊರಿನ ತಂಡವೊಂದು ಈ ಕಪ್ ಎತ್ತಿದ್ದು ಅದೇ ಮೊದಲು. ಗೆದ್ದವರು ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಬುಷ್ ಜತೆ ಫೋಟೋ ತೆಗೆಸಿಕೊಂಡರು. ಮುಂದಿನ ಸಾಲಿನ ಕೆಲವು ಹುಡುಗಿಯರ ಕಾಲಲ್ಲಿ ಹವಾಯಿ ಚಪ್ಪಲಿ! ಪೇಪರ್, ಟಿವಿಗಳಲ್ಲಿ ಅದೇ ದೊಡ್ಡ ಸುದ್ದಿ. ಕಪ್ ಯಾರಿಗೆ ಬೇಕು, ಹುಡುಗಿಯರು ಕಾಲಿಗೆ ಏನು ಹಾಕಿದ್ದರು ಅನ್ನುವುದೇ ಮುಖ್ಯ. ಎಲ್ಲ ಊರಲ್ಲೂ ಇದೇ ಅಲ್ವಾ. ಹುಡುಗಿಯರು ಮಾತ್ರ ಆ ಚಪ್ಪಲಿಗಳನ್ನು ಹರಾಜು ಹಾಕಿ, ಮೆದುಳಿನ ಕ್ಯಾನ್ಸರ್ ಇದ್ದ ಪುಟ್ಟ ಹುಡುಗಿಯೊಬ್ಬಳಿಗಾಗಿ ಹಣ ಕೂಡಿಸಿದರು.

2006, 2007, 2008, 2009. ಸತತ ಐದು ಕಪ್. 2010ರ ಫೈನಲ್‌ನಲ್ಲಿ ಸೋತದ್ದು ಮೇರಿಲ್ಯಾಂಡ್‌ಗೆ, 13-11. ಅಲ್ಲಿಯ ಕೋಚ್ ಕ್ಯಾಥಿ ರೀಸ್. ಅವರೂ ಟಿಮ್‌ಚಲ್ ಶಿಷ್ಯೆಯೇ, ಕೆಲ್ಲಿಯ ಜತೆ ಒಂದೇ ತಂಡದಲ್ಲಿ ಆಡಿದವರು. ಮರುವರ್ಷ ಮತ್ತೆ ಅದೇ ಇಬ್ಬರು. ಈ ಸಲ 8-7ರಿಂದ ಕೆಲ್ಲಿಗೆ ಗೆಲುವು. 2012ರಲ್ಲಿ ಇನ್ನೊಂದು.

ಆಮೇಲೆ ಬರಗಾಲ. ಸೆಮಿಫೈನಲ್ ತನಕ ಹೋಗುವುದು, ವಾಪಸ್ ಬರುವುದು. 2022ರಲ್ಲಂತೂ ಬಾಲ್ಟಿಮೋರ್‌ನಲ್ಲಿ ನಾರ್ತ್ ಕೆರೊಲಿನಾ ಎದುರು ಎಂಟು ಗೋಲು ಮುಂದಿದ್ದವರು 15-14ರಿಂದ ಸೋತರು. ಕೆಲ್ಲಿಯ ತಂಡದ ಮುಖ್ಯ ಆಟಗಾರ್ತಿ ಇಜ್ಜಿ ಸ್ಕೇನ್ ಮೊಣಕಾಲಿನ ಲಿಗಮೆಂಟ್ ಹರಿದು ಆ ಇಡೀ ವರ್ಷ ಹೊರಗಿದ್ದಳು. 2023ರಲ್ಲಿ ವಾಪಸ್ ಬಂದಳು. ಮೊದಲ ಪಂದ್ಯ ಸಿರಾಕ್ಯೂಸ್‌ಗೆ ಸೋತ ತಂಡ ಆಮೇಲೆ ಒಂದೂ ಸೋಲದೆ, ಫೈನಲ್‌ನಲ್ಲಿ ಬಾಸ್ಟನ್ ಕಾಲೇಜನ್ನು 18-6ರಿಂದ ಹೊಡೆಯಿತು. ಕೆಲ್ಲಿಗೂ ಎಂಟನೇ ಕಪ್, ಗುರುವಿನ ಲೆಕ್ಕಕ್ಕೆ ಸಮ.

ಸೋತ ಹತ್ತು ವರ್ಷದಲ್ಲಿ ಅವರನ್ನು ಯಾರೂ ತೆಗೆಯಲಿಲ್ಲ ಅನ್ನುವುದು ನನಗೆ ಗೆಲುವಿಗಿಂತ ದೊಡ್ಡದಾಗಿ ಕಂಡಿತು. ನಮ್ಮಲ್ಲಿ ಒಂದು ತಂಡ ಹದಕ್ಕೆ ಬರುವಷ್ಟರಲ್ಲಿ ಟೀಚರ್ ಕೈಗೆ ವರ್ಗಾವಣೆ ಆದೇಶ ಬಂದಿರುತ್ತದೆ. ಹೊಸ ಊರು, ಹೊಸ ಮಕ್ಕಳು, ಮೈದಾನದಲ್ಲಿ ಗೆರೆ ಎಳೆಯುವುದರಿಂದ ಶುರು. ಇಲ್ಲಿ ಕೆಲ್ಲಿ ಬಂದು ಕಾಲು ಶತಮಾನವೇ ಆಗುತ್ತಾ ಬಂದಿತ್ತು. ಗಂಡ ಸ್ಕಾಟ್ ಹಿಲ್ಲರ್, ಅವರೂ ಹಳೆಯ ಲಕ್ರಾಸ್ ಆಟಗಾರ, ಸಹಾಯಕ ಕೋಚ್ ಆಗಿ ಅದೇ ಬೆಂಚಿನಲ್ಲಿ.

ನಾನು ನೋಡಿದ ದಿನ ಸ್ಕೇನ್ ಆಡುತ್ತಿದ್ದಳು. ಚೆಂಡು ಅವಳ ಕೈಗೆ ಬಂದರೆ ಎದುರಾಳಿಗಳ ಹೆಗಲು ಬಿಗಿಯಾಗುವುದು ಮೇಲಿನ ಸೀಟಿಗೂ ಕಾಣುತ್ತಿತ್ತು. ಒಮ್ಮೆ ಫೌಲ್ ಆಗಿ ಗೋಲಿನ ಮುಂದಿನ ಎಂಟು ಮೀಟರ್ ಕಮಾನಿನ ಮೇಲೆ ಅವಳನ್ನು ನಿಲ್ಲಿಸಿದರು. ಸೀಟಿ ಆಯಿತು. ಎರಡು ಹೆಜ್ಜೆ, ಸೊಂಟ ತಿರುಗಿತು, ಚೆಂಡು ಗೋಲಿಯ ಮೊಣಕಾಲಿನ ಪಕ್ಕ ನೆಲಕ್ಕೆ ಬಡಿದು ಒಳಗೆ. ಚೆಂಡು ನನಗೆ ಕಂಡದ್ದು ಬಲೆಯೊಳಗೆ ಬಿದ್ದ ಮೇಲೆಯೇ. ತಂಡದ ಹೆಸರು ವೈಲ್ಡ್‌ಕ್ಯಾಟ್ಸ್, ಪುಟ್ಟಿ "ಗೋ ಕ್ಯಾಟ್ಸ್" ಅಂತ ಕೂಗಿದಳು. ನನಗೆ ಬಂದದ್ದು "ಶಭಾಷ್ ಕಣಮ್ಮ!" ಮುಂದೆ ಕೂತಿದ್ದ ಅಜ್ಜಿ ತಿರುಗಿ ನೋಡಿ ನಕ್ಕರು. ಅದೇ ಸೀಸನ್ ಮುಗಿಯುವಷ್ಟರಲ್ಲಿ ಸ್ಕೇನ್ ಮೇಲಿನ ದರ್ಜೆಯ ಕಾಲೇಜು ಮಹಿಳಾ ಲಕ್ರಾಸ್‌ನಲ್ಲೇ ಅತಿ ಹೆಚ್ಚು ಗೋಲಿನ ದಾಖಲೆ ತನ್ನದಾಗಿಸಿಕೊಂಡಳು.

ವಿರಾಮದಲ್ಲಿ ಕೆಲ್ಲಿಯ ಸುತ್ತ ಹುಡುಗಿಯರು ಗುಂಪುಗೂಡಿದರು. ನನ್ನ ಕಣ್ಣು ಮಾತ್ರ ಹೊರಸಾಲಿನ ಮೇಲೆ. ಆ ದಿನ ಆಡಲು ಸಿಗದ ಹುಡುಗಿಯರೂ ಕೋಲು ಹಿಡಿದು ಹಿಂದೆ ಬಾಗಿ ನಿಂತು ಕೇಳುತ್ತಿದ್ದರು. ಬೆಂಚಿನ ಕೊನೆಯಲ್ಲಿರುವ ಹುಡುಗಿ ಹೇಗೆ ನಿಂತಿದ್ದಾಳೆ ನೋಡಿದರೆ ಆ ಕೋಚ್ ಎಂಥವರು ಅಂತ ಹೇಳಬಹುದು. ನನ್ನ ಲೆಕ್ಕ ಅದು.

ಊರಿಗೆ ಬಂದ ಮೇಲೆ ಮೇ ಕೊನೆಯ ಫೈನಲ್‌ಗೆ ಫೋನ್ ಹಿಡಿದು ನಿದ್ದೆಗೆಟ್ಟು ಕೂತೆ. ಮತ್ತೆ ಬಾಸ್ಟನ್ ಕಾಲೇಜು. ಅಲ್ಲಿಯ ಕೋಚ್ ಅಕೇಶಿಯಾ ವಾಕರ್ ವೈನ್‌ಸ್ಟೈನ್ ಕೂಡ ಮೇರಿಲ್ಯಾಂಡ್‌ನಲ್ಲಿ ಟಿಮ್‌ಚಲ್ ಕಾಲದಲ್ಲಿ ಆಡಿದವರು. ಕೆಲ್ಲಿಯ ತಂಡ 6-0 ಮುಂದಿತ್ತು. ಕೊನೆಗೆ 14-13ರಿಂದ ಬಾಸ್ಟನ್ ಗೆದ್ದಿತು.

"ಚಿಕ್ಕಮ್ಮ, ಅಳು ಬರ್ತಿದೆ" ಅಂತ ಪುಟ್ಟಿ ಮೆಸೇಜ್ ಹಾಕಿದಳು.

"ಗೆದ್ದವಳೂ ಅದೇ ಮನೆಯವಳು ಕಣೆ, ಅಳಬೇಡ" ಅಂದೆ.

ಟಿಮ್‌ಚಲ್ ಅಷ್ಟರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಹೊಸ ತಂಡ ಕಟ್ಟಿ, 2017ರಲ್ಲೇ ಅದನ್ನು ಸೆಮಿಫೈನಲ್‌ಗೆ ಮುಟ್ಟಿಸಿದ್ದರು. 2025ರಲ್ಲಿ ಕೆಲ್ಲಿಯ ತಂಡ ಮತ್ತೊಮ್ಮೆ ಫೈನಲ್ ತನಕ ಹೋಗಿ ನಾರ್ತ್ ಕೆರೊಲಿನಾ ಎದುರು 12-8ರಿಂದ ಸೋತಿತು. ಪುಟ್ಟಿ ಓದು ಮುಗಿಸಿ ಈಗ ಕೆಲಸಕ್ಕೆ ಸೇರಿದ್ದಾಳೆ. ಸ್ಕೋರ್ ಮಾತ್ರ ತಪ್ಪದೆ ಕಳಿಸುತ್ತಾಳೆ, ಜತೆಗೆ ಡ್ರಾ ಎಷ್ಟು ಗೆದ್ದರು ಅನ್ನುವುದನ್ನೂ.